ಸೊನ್ನೆಯಷ್ಟೇ ದಾಟುತ್ತದೆ

ತಿಂಥಣಿ ಬ್ರಿಡ್ಜ್ ಮೇಲೆ ನಿಂತರೆ ಈ ದಂಡೆ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕು, ಆ ದಂಡೆ ರಾಯಚೂರು ಜಿಲ್ಲೆ. ನಡುವೆ ಕೃಷ್ಣೆ. ಮೇಲೆ ನಾರಾಯಣಪುರದಲ್ಲಿ ಬಸವಸಾಗರ ಜಲಾಶಯವಿದೆ. ಅಲ್ಲಿ ಗೇಟು ಎತ್ತಿದ ಸುದ್ದಿ ಬಂತೆಂದರೆ ದಂಡೆಗುಂಟ ಪಂಪ್‌ಸೆಟ್ ಇಟ್ಟವರೆಲ್ಲ ಹಗ್ಗ ಹಿಡಿದು ನದಿಗೆ ಓಡುತ್ತಾರೆ. ಸುದ್ದಿ ತಡವಾದರೆ ಮೋಟರ್, ಪೈಪು, ಕೇಬಲ್ಲು ಯಾವುದೂ ಉಳಿಯುವುದಿಲ್ಲ. 2009ರ ನೆರೆ, 2019ರ ನೆರೆ ಎಂದು ಇಲ್ಲಿಯ ಜನ ವರ್ಷಗಳನ್ನು ನೆನಪಿಡುವುದೇ ಹಾಗೆ.

ನಮ್ಮ ಕಾಕಾನ ಐದು ಎಚ್‌ಪಿ ಮೋಟರ್ 2019ರಲ್ಲಿ ಹೋಯಿತು. ಮುಂದಿನ ಬೇಸಿಗೆಯಲ್ಲಿ ಹೊಸದನ್ನು ಕೂಡಿಸುವಾಗ ಅವನು ನನ್ನನ್ನು ಕೇಳಿದ್ದು ಒಂದೇ ಮಾತು: “ತಮ್ಮಾ, ನೀ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಸ್ತಿ. ನದ್ಯಾಗ ನೀರು ಏರಿದ್ದು ಮನ್ಯಾಗ ಮಲಗಿದ್ರೂ ನನಗ ಗೊತ್ತಾಗೋ ಹಂಗ ಏನರ ಮಾಡ್ಲಿಕ್ಕೆ ಬರ್ತದೇನು?”

ಬರುತ್ತದೆ ಎಂದೆ. ನೀರಿನ ಎತ್ತರ ಅಳೆಯಲು ಒಂದು ಅಲ್ಟ್ರಾಸಾನಿಕ್ ಮಾಪಕ, ಲೆಕ್ಕ ಹಾಕಲು ಆರ್ಡುಯಿನೋ ಉನೋ ಬೋರ್ಡು, ಸುದ್ದಿ ಮುಟ್ಟಿಸಲು ಸಿಮ್800ಎಲ್ ಎಂಬ, ಅಂಚೆಚೀಟಿಯಷ್ಟು ಅಗಲದ ಜಿಎಸ್‌ಎಂ ಮಾಡ್ಯೂಲ್. ಒಂದು ಸೋಲಾರ್ ಫಲಕ, ಒಂದು ಬ್ಯಾಟರಿ. ಕಾಕಾನಿಗೆ ಮೆಸೇಜು ಓದುವ ರೂಢಿಯಿಲ್ಲ, ಹಾಗಾಗಿ ಪೆಟ್ಟಿಗೆ ಮಿಸ್ಡ್ ಕಾಲ್ ಕೊಟ್ಟರೆ ಸಾಕು ಎಂದು ಮಾತಾಯಿತು. ಪೆಟ್ಟಿಗೆ ಜೀವಂತವಿದೆ ಎಂದು ತಿಳಿಯಲು ದಿನಕ್ಕೆ ಮೂರು ಸಲ, ಮುಂಜಾನೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ, ಒಂದೊಂದು ರಿಂಗು. ನೀರು ಗುರುತು ದಾಟಿದರೆ ಬಿಡದೆ ರಿಂಗು. ಫೋನು ಬಾರಿಸಿತು ಅಥವಾ ಬಾರಿಸಲಿಲ್ಲ, ಒಂದು ಅಥವಾ ಸೊನ್ನೆ. ಡಿಜಿಟಲ್ ಎಂಬ ಮಾತಿನ ಅರ್ಥ ಇದಕ್ಕಿಂತ ಸರಳವಾಗಿ ನನಗೆ ಎಲ್ಲೂ ಸಿಕ್ಕಿಲ್ಲ.

ಬೇವಿನ ಮರದ ಪಕ್ಕ ಕಬ್ಬಿಣದ ಕಂಬ ನೆಟ್ಟು ಪೆಟ್ಟಿಗೆ ಕಟ್ಟಿ ಬಂದೆ. ನಾಲ್ಕನೆಯ ದಿನ ಕಾಕಾನ ಫೋನು.

“ಮುಂಜಾನಿ ಬಾರಸ್ತದ, ಸಂಜಿಕ ಬಾರಸ್ತದ. ಮಧ್ಯಾಹ್ನದ್ದು ಮಾತ್ರ ಬರವಲ್ದು ನೋಡು.”

ಮಧ್ಯಾಹ್ನ ಬರದಿದ್ದರೆ ನಡುರಾತ್ರಿ ಬಂದೀತೆಂದು ನಂಬುವುದು ಹೇಗೆ? ಭಾನುವಾರ ಮಲ್ಟಿಮೀಟರ್ ಹಿಡಿದುಕೊಂಡು ತಿಂಥಣಿಗೆ ಹೋದೆ.

ಬಿಸಿಲು ನೆತ್ತಿಗೆ ಬಂದಿತ್ತು. ಪೆಟ್ಟಿಗೆಯ ಮುಚ್ಚಳ ತೆಗೆದೆ. ಮಾಡ್ಯೂಲಿನ ದೀಪ ಮೂರು ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು, ಅಂದರೆ ಟವರ್ ಸಿಕ್ಕಿದೆ. ಆರ್ಡುಯಿನೋ ಕೂಡ ನಡೆಯುತ್ತಿತ್ತು. ಇವೆರಡರ ನಡುವಿನ ಸಂಭಾಷಣೆ ಹೀಗಿರುತ್ತದೆ: ಆರ್ಡುಯಿನೋ ಮೊದಲು “ಎಟಿ” ಎಂಬ ಎರಡಕ್ಷರ ಕಳಿಸುತ್ತದೆ, ಇದ್ದೀಯೇನಪ್ಪಾ ಎಂದು ಕೂಗಿದ ಹಾಗೆ. ಮಾಡ್ಯೂಲ್ “ಓಕೆ” ಎಂದು ಹೂಂಗುಡುತ್ತದೆ. ಹೂಂ ಕೇಳಿಸಿದ ಮೇಲೆಯೇ ಫೋನ್ ನಂಬರು ಒತ್ತುವ ಆಜ್ಞೆ. ಈ ಸಾಲಿನಲ್ಲಿ ಮಾತಿಲ್ಲದ ಹೊತ್ತಿನಲ್ಲಿ ತಂತಿ ‘ಒಂದು’ ಸ್ಥಿತಿಯಲ್ಲೇ ನಿಂತಿರುತ್ತದೆ, ಆದ್ದರಿಂದ ಅದನ್ನು ಸಾದಾ ಮೀಟರಿನಲ್ಲೂ ಅಳೆಯಬಹುದು. ಮಾಡ್ಯೂಲಿನಿಂದ ಹೊರಡುವ ತಂತಿಗೆ ಕೆಂಪು ಪ್ರೋಬ್ ಮುಟ್ಟಿಸಿದೆ. 2.79 ವೋಲ್ಟ್. ಆರ್ಡುಯಿನೋಗೆ ಕರೆಂಟು ಬರುವ ಪಿನ್ನಿಗೆ ಮುಟ್ಟಿಸಿದೆ. 5 ಇರಬೇಕಾದದ್ದು 5.4 ಇತ್ತು.

ಸೋಲಾರ್ ಕಂಟ್ರೋಲರ್‌ನ ಯುಎಸ್‌ಬಿ ಬಾಯಿಂದ ನಾನೇ ಆರ್ಡುಯಿನೋಗೆ ಕರೆಂಟು ಕೊಟ್ಟಿದ್ದೆ. ಬೆಳಿಗ್ಗೆ ಅದು 4.9 ಕೊಡುತ್ತಿತ್ತು, ಬಿಸಿಲೇರಿದಾಗ 5.4. ಇಷ್ಟು ಸಣ್ಣ ಏರಿಳಿತ ಒಂದು ಹೂಂಗುಟ್ಟುವಿಕೆಯನ್ನು ನುಂಗಿಹಾಕಿತ್ತು.

ತಂತಿಯ ಮೇಲೆ ಸೊನ್ನೆ, ಒಂದು ಎಂಬ ಅಂಕಿಗಳು ಹರಿಯುವುದಿಲ್ಲ. ಅಲ್ಲಿರುವುದು ವೋಲ್ಟೇಜ್ ಮಾತ್ರ, ಅದನ್ನು ಒಂದು ಎಂದು ಓದಬೇಕೋ ಸೊನ್ನೆ ಎಂದು ಓದಬೇಕೋ ಎಂಬುದು ಕೇಳುವ ಚಿಪ್ಪಿನ ತೀರ್ಮಾನ. ಉನೋ ಬೋರ್ಡಿನ ಎಟಿಮೆಗಾ328ಪಿ ಚಿಪ್ಪಿನ ಕರಾರು ಹೀಗಿದೆ: ತನಗೆ ಕೊಟ್ಟ ವೋಲ್ಟೇಜಿನ ಹತ್ತರಲ್ಲಿ ಮೂರು ಪಾಲಿಗಿಂತ ಕೆಳಗಿದ್ದರೆ ಸೊನ್ನೆ, ಹತ್ತರಲ್ಲಿ ಆರು ಪಾಲಿಗಿಂತ ಮೇಲಿದ್ದರೆ ಒಂದು. 5 ವೋಲ್ಟ್ ಕೊಟ್ಟಾಗ 1.5ಕ್ಕಿಂತ ಕೆಳಗೆ ಸೊನ್ನೆ, 3ಕ್ಕಿಂತ ಮೇಲೆ ಒಂದು. ನಡುವಿನದು ಎರಡು ಹೊಲಗಳ ನಡುವಿನ ಬದು ಇದ್ದ ಹಾಗೆ. ಬದುವಿನ ಮೇಲೆ ಬಿದ್ದ ಕಾಳು ಯಾರ ರಾಶಿಗೂ ಸೇರುವುದಿಲ್ಲ. ಸಿಮ್800ಎಲ್‌ನ ‘ಒಂದು’ 2.8 ವೋಲ್ಟ್, ಅಂದರೆ ಸರಿಯಾಗಿ ಬದುವಿನ ಮೇಲೆ.

ಹಾಗಿದ್ದರೂ ಮುಂಜಾನೆ ಹೇಗೆ ನಡೆಯಿತು? ಕರಾರಿನಲ್ಲಿ ಬರೆದ ಗೆರೆ 3 ವೋಲ್ಟ್ ಆದರೂ ಈ ಚಿಪ್ಪು ನಿಜದಲ್ಲಿ ತನ್ನ ವೋಲ್ಟೇಜಿನ ಅರ್ಧಕ್ಕಿಂತ ತುಸು ಮೇಲೆಯೇ ‘ಒಂದು’ ಎಂದು ಒಪ್ಪಿಕೊಂಡುಬಿಡುತ್ತದೆ. 4.9 ಇದ್ದಾಗ ಆ ಗೆರೆ ಸುಮಾರು 2.6ರ ಆಸುಪಾಸು, 2.8 ಅದನ್ನು ದಾಟುತ್ತದೆ. 5.4 ಆದಾಗ ಗೆರೆಯೂ ಏರಿ 2.8ರ ತಲೆಯ ಮೇಲೆ ಕೂಡುತ್ತದೆ. ಮಾಡ್ಯೂಲ್ ಮಧ್ಯಾಹ್ನವೂ ಹೂಂ ಎನ್ನುತ್ತಲೇ ಇತ್ತು, ಆರ್ಡುಯಿನೋ ಕಿವಿಗೆ ಬೀಳುತ್ತಿರಲಿಲ್ಲ. ಮನೆಯ ಮೇಜಿನ ಮೇಲೆ ಎರಡು ದಿನ ನಡೆಸಿ ನೋಡಿ ಸರಿಯಿದೆ ಎಂದುಕೊಂಡಿದ್ದೆ. ಕರಾರು ಓದದೆ ನಂಬಿದ್ದು ನನ್ನ ತಪ್ಪು. ಆರ್ಡುಯಿನೋದಿಂದ ಮಾಡ್ಯೂಲಿನ ಕಡೆ ಹೋಗುವ ತಂತಿಗೆ ಎರಡು ರೆಸಿಸ್ಟರ್ ಹಾಕಿ 5 ವೋಲ್ಟನ್ನು ಇಳಿಸಿದ್ದೆ, ಏಕೆಂದರೆ ಹೆಚ್ಚಾದರೆ ಮಾಡ್ಯೂಲ್ ಸುಟ್ಟೀತೆಂಬ ಭಯವಿತ್ತು. ಕಡಿಮೆಯಾದರೆ ಏನೂ ಸುಡುವುದಿಲ್ಲವಲ್ಲ, ಹಾಗಾಗಿ ಆ ದಿಕ್ಕನ್ನು ಯೋಚಿಸಲೇ ಇಲ್ಲ.

ಒಂದೇ ಪೆಟ್ಟಿಗೆಯಲ್ಲಿ ಇಷ್ಟೊಂದು ಬಗೆಯ ವೋಲ್ಟೇಜ್ ಯಾಕಿರಬೇಕು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. 1960ರ ದಶಕದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ 7400 ಸರಣಿಯ ಟಿಟಿಎಲ್ ಚಿಪ್ಪುಗಳು ಜಗತ್ತಿಗೆಲ್ಲ ಹರಡಿದಾಗ 5 ವೋಲ್ಟ್ ಎಂಬುದು ಡಿಜಿಟಲ್ ಲೋಕದ ರೂಢಿಯಾಯಿತು. ಆ ಚಿಪ್ಪುಗಳು 2 ವೋಲ್ಟ್ ಕಂಡರೆ ಸಾಕು, ‘ಒಂದು’ ಎಂದುಬಿಡುತ್ತಿದ್ದವು. ನನ್ನ ಪೆಟ್ಟಿಗೆಯಲ್ಲಿ ಆ ಕಾಲದ ಚಿಪ್ಪು ಇದ್ದಿದ್ದರೆ ಮಧ್ಯಾಹ್ನದ ರಿಂಗು ತಪ್ಪುತ್ತಲೇ ಇರಲಿಲ್ಲ! ಆಮೇಲೆ ಬಂದ ಸಿಮಾಸ್ ಚಿಪ್ಪುಗಳು ವೋಲ್ಟೇಜಿನ ಪಾಲು ಲೆಕ್ಕದಲ್ಲಿ ಗೆರೆ ಎಳೆದವು. ಎರಡರ ಮೇಲೂ 5 ವೋಲ್ಟ್ ಎಂದೇ ಬರೆದಿರುತ್ತದೆ, ಆದರೆ ಕಿವಿ ಬೇರೆ. ಈ ತೊಡಕಿಗಾಗಿಯೇ 74ಎಚ್‌ಸಿಟಿ ಎಂಬ ಪ್ರತ್ಯೇಕ ಕುಟುಂಬವನ್ನು ತಯಾರಿಸಬೇಕಾಯಿತು, ಸಿಮಾಸ್ ಮೈ, ಟಿಟಿಎಲ್ ಕಿವಿ.

ವೋಲ್ಟೇಜ್ ಇಳಿಯುತ್ತಾ ಬಂದದ್ದಕ್ಕೆ ಎರಡು ಕಾರಣ. ಚಿಪ್ಪಿನೊಳಗಿನ ಟ್ರಾನ್ಸಿಸ್ಟರುಗಳು ಸಣ್ಣವಾದಂತೆ ಅವುಗಳ ಗೇಟಿನ ಕೆಳಗಿನ ನಿರೋಧಕ ಪದರವೂ ತೆಳುವಾಯಿತು, 5 ವೋಲ್ಟ್ ತಡೆಯುವ ತಾಕತ್ತು ಅದಕ್ಕೆ ಉಳಿಯಲಿಲ್ಲ. ಎರಡನೆಯದು ಉಳಿತಾಯ. ಸ್ವಿಚ್ ಆಗುವಾಗ ಖರ್ಚಾಗುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. 5ರಿಂದ 3.3ಕ್ಕೆ ಇಳಿದರೆ ಖರ್ಚು ಅರ್ಧಕ್ಕಿಂತಲೂ ಕಡಿಮೆ. 1.8ಕ್ಕೆ ಇಳಿದರೆ ಎಂಟರಲ್ಲಿ ಒಂದು ಪಾಲಿನ ಹತ್ತಿರ. ಜೇಬಿನ ಫೋನಿನ ಬ್ಯಾಟರಿ ದಿನವಿಡೀ ಬಾಳಲು ಇದೂ ಒಂದು ಕಾರಣ. ಆದರೆ ಹಳೆಯದೆಲ್ಲ ಒಮ್ಮೆಲೇ ಮಾಯವಾಗುವುದಿಲ್ಲ. ಮಾಪಕಗಳು, ರಿಲೇಗಳು, ಉನೋದಂಥ ಬೋರ್ಡುಗಳು 5ರಲ್ಲೇ ನಿಂತಿವೆ. ಹಳತು ಹೊಸತು ಒಂದೇ ಪೆಟ್ಟಿಗೆಯಲ್ಲಿ ಕೂಡಿದಾಗ ನಡುವೆ ಒಬ್ಬರು ಬೇಕಾಗುತ್ತಾರೆ.

ಆ ಒಬ್ಬರನ್ನು ಹುಡುಕಿಕೊಂಡು ಸುರಪುರಕ್ಕೆ ಹೋದೆ. ಭಾನುವಾರವಾದರೂ ಒಂದು ಟಿವಿ ರಿಪೇರಿ ಅಂಗಡಿ ತೆರೆದಿತ್ತು. ಹಳೆಯ ಬಿಸ್ಕತ್ತಿನ ಡಬ್ಬಿಯಿಂದ ಅಂಗಡಿಯವರು ಒಂದು ಬಿಸಿ547 ಟ್ರಾನ್ಸಿಸ್ಟರನ್ನೂ 10 ಕಿಲೋ ಓಮಿನ ಎರಡು ರೆಸಿಸ್ಟರುಗಳನ್ನೂ ಆರಿಸಿ ಅಂಗೈ ಮೇಲಿಟ್ಟರು. ಕಂದು, ಕಪ್ಪು, ಕಿತ್ತಳೆ ಪಟ್ಟಿಗಳು. ಟ್ರಾನ್ಸಿಸ್ಟರು ಕಡಲೆಕಾಳಿಗಿಂತ ಸಣ್ಣದು, ಒಂದು ಮೈ ಚಪ್ಪಟೆ, ಮೂರು ಕಾಲು: ಎಮಿಟರ್, ಬೇಸ್, ಕಲೆಕ್ಟರ್.

ಟ್ರಾನ್ಸಿಸ್ಟರನ್ನು ಸ್ವಿಚ್ಚಾಗಿ ಬಳಸುವ ಪಾಠಪುಸ್ತಕದ ರೀತಿಯೆಂದರೆ ಎಮಿಟರನ್ನು ಗ್ರೌಂಡಿಗೆ ಕಟ್ಟಿ, ಸಂಕೇತವನ್ನು ಬೇಸಿಗೆ ಕೊಟ್ಟು, ಕಲೆಕ್ಟರಿನಿಂದ ಉತ್ತರ ತೆಗೆಯುವುದು. ಅದು ವೋಲ್ಟೇಜನ್ನು ಏರಿಸುತ್ತದೆ, ಆದರೆ ಮಾತನ್ನು ತಿರುವುಮುರುವು ಮಾಡುತ್ತದೆ: ಒಂದು ಹೋದರೆ ಸೊನ್ನೆ ಬರುತ್ತದೆ. ಮತ್ತೆ ನೆಟ್ಟಗೆ ಮಾಡಲು ಇನ್ನೊಂದು ಟ್ರಾನ್ಸಿಸ್ಟರು ಬೇಕು. ಒಂದರಲ್ಲೇ ಮುಗಿಸುವ ಬೇರೊಂದು ಕಟ್ಟುವಿಕೆಯಿದೆ, ನನಗೆ ಅದರ ಮೇಲೆ ಬಹಳ ಪ್ರೀತಿ. ಬೇಸನ್ನು ರೆಸಿಸ್ಟರಿನ ಮೂಲಕ ಉನೋ ಬೋರ್ಡಿನ 3.3 ವೋಲ್ಟ್ ಪಿನ್ನಿಗೆ ಕಟ್ಟಿ ಅಲ್ಲೇ ಬಿಟ್ಟುಬಿಡುವುದು. ಮಾಡ್ಯೂಲಿನ ತಂತಿಯನ್ನು ಎಮಿಟರಿಗೆ ಕೊಡುವುದು. ಕಲೆಕ್ಟರನ್ನು ಆರ್ಡುಯಿನೋ ಕಿವಿಗೆ ಜೋಡಿಸಿ, ಅಲ್ಲಿಂದ ಇನ್ನೊಂದು ರೆಸಿಸ್ಟರನ್ನು 5 ವೋಲ್ಟಿಗೆ ಎಳೆಯುವುದು.

ಮಾಡ್ಯೂಲ್ ಸೊನ್ನೆ ಎಂದಿತೆನ್ನಿ. ಎಮಿಟರ್ ಕೆಳಗೆ ಇಳಿಯಿತು, ಬೇಸು ಮೇಲಿದೆ. ಬೇಸು ಎಮಿಟರುಗಳ ನಡುವೆ 0.7 ವೋಲ್ಟಿನ ಹತ್ತಿರ ಬಂದರೆ ಟ್ರಾನ್ಸಿಸ್ಟರು ತೆರೆದುಕೊಳ್ಳುತ್ತದೆ. ಕಲೆಕ್ಟರ್ ಕೂಡ ಎಮಿಟರಿನ ಬೆನ್ನಿಗೇ ಕೆಳಗಿಳಿದು 0.2ರ ಆಸುಪಾಸಿಗೆ ಬರುತ್ತದೆ. ಆರ್ಡುಯಿನೋಗೆ ಅನುಮಾನವಿಲ್ಲದ ಸೊನ್ನೆ. ಈಗ ಮಾಡ್ಯೂಲ್ ಒಂದು ಎಂದಿತೆನ್ನಿ. ಎಮಿಟರ್ 2.8ಕ್ಕೆ ಏರಿತು. ಬೇಸು 3.3ರಲ್ಲಿದೆ, ಅಂತರ ಅರ್ಧ ವೋಲ್ಟ್. ಇಷ್ಟಕ್ಕೆ ಟ್ರಾನ್ಸಿಸ್ಟರು ತೆರೆಯುವುದಿಲ್ಲ. ಮುಚ್ಚಿದ ಬಾಗಿಲಿನ ಆಚೆ ಕಲೆಕ್ಟರನ್ನು ಅದರದೇ ರೆಸಿಸ್ಟರು 5 ವೋಲ್ಟಿಗೆ ಎತ್ತಿ ನಿಲ್ಲಿಸುತ್ತದೆ. ಮಾಡ್ಯೂಲಿನ 2.8 ಎಲ್ಲಿಗೂ ಹೋಗಲೇ ಇಲ್ಲ. ಆರ್ಡುಯಿನೋ ಕಂಡ ‘ಒಂದು’ ಅದರ ಮನೆಯದೇ ‘ಒಂದು’.

ಇದನ್ನು ವೋಲ್ಟೇಜ್ ಪರಿವರ್ತನೆ ಎಂದು ಕರೆಯುವುದು ರೂಢಿ. ನನ್ನ ಮಟ್ಟಿಗೆ ಆ ಹೆಸರು ದಾರಿ ತಪ್ಪಿಸುತ್ತದೆ. ಇಲ್ಲಿ 2.8 ಎಂಬುದು 5 ಆಗಿ ಬದಲಾಗಿಲ್ಲ. ದಾಟಿ ಹೋಗುವುದು ಸೊನ್ನೆ ಮಾತ್ರ, ಎರಡೂ ಕಡೆಗೆ ಸೊನ್ನೆ ಒಂದೇ ಆದ್ದರಿಂದ. ಸೊನ್ನೆ ಬರದ ಹೊತ್ತಿನಲ್ಲಿ ಆಚೆಯವರು ತಮ್ಮ ಪದ್ಧತಿಯ ‘ಒಂದ’ನ್ನು ತಾವೇ ಹಿಡಿದು ನಿಂತಿರುತ್ತಾರೆ. ತಿಂಥಣಿಯ ಗುಡಿಯಲ್ಲಿ ಒಂದೇ ಗದ್ದುಗೆಯ ಮುಂದೆ ನಿಂತು ಒಬ್ಬರು ಮೌನೇಶ್ವರ ಎನ್ನುತ್ತಾರೆ, ಇನ್ನೊಬ್ಬರು ಮೌನುದ್ದೀನ್ ಎನ್ನುತ್ತಾರೆ. ಹೆಸರು ಅವರವರದು, ಗದ್ದುಗೆ ಒಂದೇ. ನಾನು ತರಗತಿಯಲ್ಲಿ ಈ ಸರ್ಕಿಟ್ ಬರೆದಾಗಲೆಲ್ಲ ನನಗೆ ಆ ಗುಡಿ ನೆನಪಾಗುತ್ತದೆ.

ಹಾಗಾಗಿ ಎರಡೂ ಕಡೆಯ ಸೊನ್ನೆಯನ್ನು ಒಂದಾಗಿಸುವ ಗ್ರೌಂಡ್ ತಂತಿ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಅದನ್ನು ಕೂಡಿಸಲು ಮರೆತರೆ ಎಷ್ಟು ಟ್ರಾನ್ಸಿಸ್ಟರು ಹಾಕಿದರೂ ಉಪಯೋಗವಿಲ್ಲ. ಕೂಡಿಸಿದ್ದು ತೆಳುವಾಗಿದ್ದರೂ ಕಷ್ಟ. ಹಿಂದೆ ಮೊಬೈಲಿಗೆ ಕರೆ ಬರುವ ಮುಂಚೆ ಹತ್ತಿರದ ರೇಡಿಯೋ ಡರ್ ಡರ್ ಎಂದು ಗೊರಗುಡುತ್ತಿದ್ದುದು ನೆನಪಿದೆಯೇ? 2ಜಿ ಫೋನು ಮಾತಾಡುವಾಗ ಸೆಕೆಂಡಿಗೆ ಸುಮಾರು 217 ಸಲ, ತುಂಡು ತುಂಡಾಗಿ, ಗಾಳಿಗೆ ಬಿಡುವ ಶಕ್ತಿಯ ಸದ್ದು ಅದು. ಸಿಮ್800ಎಲ್ ಕೂಡ ಹಾಗೆಯೇ, ಒಂದೊಂದು ತುಂಡಿನಲ್ಲೂ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಗ್ರೌಂಡ್ ತಂತಿಯಲ್ಲಿ ಹತ್ತರಲ್ಲೊಂದು ಓಮ್ ಇದ್ದರೂ ಅದರ ಮೇಲೆ 0.2 ವೋಲ್ಟ್ ಏಳುತ್ತದೆ, ಸೊನ್ನೆಯೇ ಕುಣಿಯತೊಡಗುತ್ತದೆ. ಕೂದಲೆಳೆಯಂಥ ಜಂಪರ್ ತಂತಿ ಕಿತ್ತೆಸೆದು ದಪ್ಪ ತಂತಿ ಬೆಸೆದೆ.

ಮರದ ನೆರಳಲ್ಲಿ ಕುಳಿತು ಬೆಸುಗೆ ಹಾಕುವಾಗ ಕಾಕಾ ಬಗ್ಗಿ ನೋಡುತ್ತಿದ್ದ.

“ಈ ಮೂರು ಕಾಲಿಂದು ಏನ್ ಮಾಡ್ತದ?”

“ಕೆನಾಲ್ ಗೇಟಿದ್ದಂಗ ಕಾಕಾ. ಅತ್ತಕಡಿ ತಗ್ಗಿದಾಗ ತೆರೀತದ, ಏರಿದಾಗ ಮುಚ್ಚತದ.”

“ಮುಚ್ಚಿದಾಗ ಇತ್ತಕಡಿ ನೀರು?”

“ಇತ್ತಕಡಿಂದು ಇತ್ತಕಡಿಗೇ ತುಂಬಕೊಂತದ.”

“ಮತ್ತ ಸರಿ ಅದಲ್ಲ,” ಎಂದ ಕಾಕಾ.

ನಿಜಕ್ಕೂ ಸರಿಯಾದ ಪ್ರಶ್ನೆ ಆಮೇಲೆ ಬಂತು. ಇತ್ತಕಡೆ ತಗ್ಗಿದರೆ ಅತ್ತಕಡೆಗೆ ತಿಳಿಯುತ್ತದೆಯೇ ಎಂದು ಕೇಳಿದ. ನನ್ನ ಬಿಸಿ547 ಒಂದೇ ದಿಕ್ಕಿನದು. ಆದರೆ ಎರಡು ದಿಕ್ಕಿನ ಮಾತಿಗೆ ಒಂದೇ ತಂತಿ ಬಳಸುವ ಪದ್ಧತಿಯೂ ಇದೆ. ಫಿಲಿಪ್ಸ್ ಕಂಪನಿ 1982ರಲ್ಲಿ ತಂದ ಐ-ಟು-ಸಿ ಎಂಬ ಎರಡು ತಂತಿಯ ಜಾಲ ಅಂಥದು. ಅದರಲ್ಲಿ ಯಾರೂ ತಂತಿಯನ್ನು ಮೇಲಕ್ಕೆ ತಳ್ಳುವುದಿಲ್ಲ, ರೆಸಿಸ್ಟರು ಎತ್ತಿ ಹಿಡಿದಿರುತ್ತದೆ. ಮಾತಾಡಬೇಕಾದವರು ಕೆಳಕ್ಕೆ ಎಳೆಯುತ್ತಾರೆ, ಅಷ್ಟೆ. 5 ವೋಲ್ಟಿನವರೂ 3.3ರವರೂ ಅದೇ ಜಾಲದಲ್ಲಿ ಸೇರಿದಾಗ ಏನು ಮಾಡಬೇಕೆಂಬುದಕ್ಕೆ ಫಿಲಿಪ್ಸ್‌ನ ಇಂಜಿನಿಯರ್ ಹೆರ್ಮನ್ ಸ್ಖುಟ್ಟೆ 1997ರ ಒಂದು ಟಿಪ್ಪಣಿಯಲ್ಲಿ ದಾರಿ ತೋರಿಸಿದರು. ತಂತಿಗೊಂದು ಮಾಸ್‌ಫೆಟ್, ಎರಡು ರೆಸಿಸ್ಟರು. ಇಂದು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಲೆವೆಲ್ ಶಿಫ್ಟರ್ ಕೇಳಿದರೆ ಕೊಡುವ, ಬಿಎಸ್‌ಎಸ್138 ಕೂಡಿಸಿದ ನಾಲ್ಕು ಸಾಲಿನ ಪುಟ್ಟ ಬೋರ್ಡು ಆ ಟಿಪ್ಪಣಿಯ ಸಂತಾನ.

ಮಾಸ್‌ಫೆಟ್‌ಗೂ ಮೂರು ಕಾಲು: ಗೇಟ್, ಸೋರ್ಸ್, ಡ್ರೇನ್. ಗೇಟನ್ನು 3.3ಕ್ಕೆ ಕಟ್ಟಿಬಿಡುತ್ತಾರೆ. ಸೋರ್ಸ್ 3.3ರ ಕಡೆಗೆ, ಡ್ರೇನ್ 5ರ ಕಡೆಗೆ, ಎರಡಕ್ಕೂ ಅವರವರ ಎತ್ತುವ ರೆಸಿಸ್ಟರು. ಯಾರೂ ಮಾತಾಡದಾಗ ಗೇಟೂ ಸೋರ್ಸೂ ಸಮ, ಬಾಗಿಲು ಮುಚ್ಚಿದೆ. ಚಿಕ್ಕ ವೋಲ್ಟೇಜಿನವರು ಕೆಳಗೆ ಎಳೆದರೆ ಗೇಟು ಸೋರ್ಸಿಗಿಂತ 3.3 ಮೇಲಾಯಿತು, ಬಾಗಿಲು ತೆರೆಯಿತು, ಡ್ರೇನ್ ಕೂಡ ಇಳಿಯಿತು. ಇಷ್ಟು ನಮ್ಮ ಬಿಸಿ547ನ ಕಥೆಯೇ.

ಸೊಗಸಿರುವುದು ಮರಳಿ ಬರುವ ದಾರಿಯಲ್ಲಿ. 5ರ ಕಡೆಯವರು ಡ್ರೇನನ್ನು ಕೆಳಗೆ ಎಳೆದರು. ಬಾಗಿಲು ಮುಚ್ಚಿದೆ, ಗೇಟಿಗೆ ಸುದ್ದಿಯೇ ಇಲ್ಲ. ಆದರೆ ಮಾಸ್‌ಫೆಟ್ ತಯಾರಾಗುವಾಗ ಅದರ ಮೈಯೊಳಗೆ, ಸೋರ್ಸಿನಿಂದ ಡ್ರೇನಿನ ಕಡೆಗೆ, ಒಂದು ಡಯೋಡ್ ತಾನಾಗಿಯೇ ಹುಟ್ಟಿಕೊಂಡಿರುತ್ತದೆ. ಎಷ್ಟೋ ಸರ್ಕಿಟ್ಟುಗಳಲ್ಲಿ ಅದೊಂದು ಕಾಟ. ಇಲ್ಲಿ ಅದೇ ಕೈಹಿಡಿಯುತ್ತದೆ. ಡ್ರೇನ್ ಇಳಿದೊಡನೆ ಆ ಡಯೋಡ್ ಮೂಲಕ ಸೋರ್ಸ್ ಕೂಡ ಸುಮಾರು 0.7ರವರೆಗೆ ಜಾರುತ್ತದೆ. ಈಗ ಗೇಟು ಸೋರ್ಸಿಗಿಂತ 2.6 ಮೇಲಿದೆ. ಬಿಎಸ್‌ಎಸ್138 ತೆರೆದುಕೊಳ್ಳಲು 0.8ರಿಂದ 1.5 ವೋಲ್ಟ್ ಸಾಕು. ಬಾಗಿಲು ತೆರೆದು ಸೋರ್ಸ್ ಪೂರ್ತಿ ಸೊನ್ನೆಗೆ ಇಳಿಯುತ್ತದೆ. ದಿಕ್ಕು ಇದೇ ಎಂದು ಯಾರೂ ಹೇಳಬೇಕಿಲ್ಲ, ಮೊದಲು ಎಳೆದವರದೇ ಮಾತು.

ಇದಕ್ಕೊಂದು ಮಿತಿಯಿದೆ. ಸೊನ್ನೆಯನ್ನು ಟ್ರಾನ್ಸಿಸ್ಟರು ಥಟ್ಟನೆ ಇಳಿಸುತ್ತದೆ, ‘ಒಂದ’ನ್ನು ಮಾತ್ರ ರೆಸಿಸ್ಟರು ನಿಧಾನವಾಗಿ ತುಂಬಬೇಕು. ತಂತಿಗೂ ಪಿನ್ನುಗಳಿಗೂ ಸೇರಿ 100 ಪಿಕೋಫ್ಯಾರಡ್ ಧಾರಕತೆ ಇದ್ದರೆ, 10 ಕಿಲೋ ಓಮ್ ಅದನ್ನು ಮೇಲೆತ್ತಲು ಸುಮಾರು 2 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ನನ್ನ ಪೆಟ್ಟಿಗೆಯಲ್ಲಿ 9600 ಬಾಡ್ ವೇಗ, ಒಂದೊಂದು ಬಿಟ್ಟಿಗೂ 104 ಮೈಕ್ರೋಸೆಕೆಂಡ್ ಸಮಯ. ಏನೂ ತೊಂದರೆಯಿಲ್ಲ. ಮೆಮರಿ ಕಾರ್ಡಿನಂಥ ಅವಸರದ ಸಾಲಿಗೆ ಇದು ಆಗದು. ಅಲ್ಲಿ ಮೇಲಕ್ಕೂ ಕೆಳಕ್ಕೂ ತಾನೇ ತಳ್ಳುವ ಬಫರ್ ಚಿಪ್ಪೇ ಬೇಕು.

ವೋಲ್ಟೇಜುಗಳ ಈ ತೊಡಕು ನನ್ನ ಪೆಟ್ಟಿಗೆಯದೊಂದೇ ಅಲ್ಲ. ತಿಂಥಣಿಯಿಂದ ವಾಪಸು ಬರುವಾಗ ಸುರಪುರದ ದಾರಿಯಲ್ಲಿ ಕಾಣುವ ಗದ್ದೆಗಳಿಗೆ ನೀರುಣಿಸುವುದು ನಾರಾಯಣಪುರ ಎಡದಂಡೆ ಕಾಲುವೆ. ಅದರ ನವೀಕರಣದ ಯೋಜನೆಯನ್ನು ಪ್ರಧಾನಿ ನರೇಂದ್ರ ಮೋದಿ 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಉದ್ಘಾಟಿಸಿದರು. 10,000 ಕ್ಯುಸೆಕ್ ಸಾಮರ್ಥ್ಯದ ಕಾಲುವೆ. ಅದರ ಗೇಟುಗಳನ್ನು ದೂರದಿಂದಲೇ ಏರಿಸಿ ಇಳಿಸುವ ಸ್ಕಾಡಾ ವ್ಯವಸ್ಥೆಯಿದೆ. ಇಂಥ ವ್ಯವಸ್ಥೆಗಳಲ್ಲಿ ಲೆಕ್ಕ ಮಾಡುವ ಚಿಪ್ಪು ಸಾಮಾನ್ಯವಾಗಿ 3.3 ಅಥವಾ ಅದಕ್ಕೂ ಕಡಿಮೆ ವೋಲ್ಟಿನದು, ಕಾರ್ಖಾನೆ ಮಾದರಿಯ ನಿಯಂತ್ರಕಗಳ ಸಂಕೇತ 24 ವೋಲ್ಟಿನದು. ಕಾಕಾನ ಪಂಪಿನ ಸ್ಟಾರ್ಟರಿನಲ್ಲಿ ಮೂರು ಫೇಸಿನ 415. ಒಂದು ಸಣ್ಣ ‘ಒಂದು’ ಅಲ್ಲಿಯವರೆಗೆ ಮುಟ್ಟಲು ಟ್ರಾನ್ಸಿಸ್ಟರಿನಿಂದ ರಿಲೇಗೆ, ರಿಲೇಯಿಂದ ಕಾಂಟ್ಯಾಕ್ಟರಿಗೆ, ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಕಾಲುವೆಯ ಕೊನೆಯ ಹೊಲದ ರೈತನಿಗೆ ಸರದಿಯ ನೀರು ಸಿಗುವುದರಲ್ಲಿ ಈ ಮೆಟ್ಟಿಲುಗಳ ಪಾಲೂ ಇದೆ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ.

ಆ ಭಾನುವಾರ ಬೆಸುಗೆ ಮುಗಿದಾಗ ಮೂರು ಗಂಟೆ. ಬಿಸಿಲು ಇನ್ನೂ ಇತ್ತು, ಮೀಟರಿನಲ್ಲಿ ಪೂರೈಕೆ 5.3 ತೋರಿಸುತ್ತಿತ್ತು. ಕೆಂಪು ಪ್ರೋಬನ್ನು ಈ ಸಲ ಕಲೆಕ್ಟರಿನ ಕಾಲಿಗೆ ಮುಟ್ಟಿಸಿದೆ. 5.2. ರಿಸೆಟ್ ಗುಂಡಿ ಒತ್ತಿ ಸುಮ್ಮನೆ ಕುಳಿತೆವು. ಅರ್ಧ ನಿಮಿಷವಾಗಿರಬೇಕು, ಕಾಕಾನ ಅಂಗಿಯ ಜೇಬು ಬಾರಿಸತೊಡಗಿತು. ಅವನು ಫೋನು ತೆಗೆದು ನಂಬರು ನೋಡಿದ, ಕತ್ತರಿಸಲಿಲ್ಲ, ರಿಂಗು ತಾನಾಗಿಯೇ ನಿಲ್ಲುವವರೆಗೆ ಕೈಯಲ್ಲೇ ಹಿಡಿದುಕೊಂಡಿದ್ದ.